ಸೊಂಟಕ್ಕೆ ಸಿಗುವ ಸರಳು

ಮರ ಹತ್ತುವುದೇ ಕಸುಬಾದ್ದರಿಂದ ಬೀದಿಯವರೆಲ್ಲ ಅವನನ್ನು ಮಂಗಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಬೇಸರವೇನೂ ಇರಲಿಲ್ಲ. ಅವನು ಮೇಲೆ ಹಗ್ಗದಲ್ಲಿ ತೂಗಾಡುತ್ತ ಕೊಂಬೆ ಕೊಯ್ದರೆ, ಕೆಳಗೆ ಅವನ್ನು ಎಳೆದು ರಾಶಿ ಹಾಕುವವಳು ಹೆಂಡತಿ. ಬೇರೆ ಯಾರನ್ನು ಕೆಳಗೆ ನಿಲ್ಲಿಸಿದರೂ ಮೇಲೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಈಗ ಅವಳ ಬಲಭುಜ ಕೈಕೊಟ್ಟಿತ್ತು. ಹೀಗೇ ಭಾರ ಎತ್ತುತ್ತಿದ್ದರೆ ಕೆಲಸವನ್ನೇ ಬಿಡಬೇಕಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೊಂಬೆ ಚೂರು ಮಾಡುವ ಚಿಪ್ಪರ್, ಮರದ ಬುಡ ಅರೆಯುವ ಗ್ರೈಂಡರ್ ಕೊಳ್ಳಲು ಇಬ್ಬರೂ ಹೊರಟದ್ದು ಅದಕ್ಕೇ.

ಅಂಗಡಿಯ ಹಿಂದಿನ ಅಂಗಳದಲ್ಲಿ ಮಂಗಣ್ಣನ ಕಣ್ಣು ನೆಟ್ಟದ್ದು ಎಲ್ಲಕ್ಕಿಂತ ದೊಡ್ಡ ಚಿಪ್ಪರಿನ ಮೇಲೆ. ಅದರ ಬಾಯನ್ನು ಗೇಣು ಹಾಕಿ ಅಳೆದ.

"ನೋಡೇ, ತೊಡೆಗಾತ್ರದ ಕೊಂಬೇನೂ ಸಲೀಸಾಗಿ ನುಂಗುತ್ತೆ."

"ನುಂಗೋದು ಸರಿ. ಉಣಿಸೋದು ಯಾರು?"

ಮಾರಾಟದವನು ನೆಟ್ಟನೆಯ ಗಳವೊಂದನ್ನು ತುರುಕಿ ತೋರಿಸಿದ.

"ನಮ್ಮ ಮರಗಳು ಇಷ್ಟು ಒಳ್ಳೆ ನಡತೆಯವಲ್ಲಪ್ಪ" ಎಂದವಳೇ ಅವಳು ಗಾಡಿಯಿಂದ, ತಾನೇ ಹೇರಿಕೊಂಡು ಬಂದಿದ್ದ ಕವಲುಕವಲಾದ ಹಸಿ ಕೊಂಬೆಗಳನ್ನು ಎಳೆದು ತಂದಳು. ದೊಡ್ಡ ಯಂತ್ರದಲ್ಲಿ ಕೊಂಬೆ ಇಟ್ಟು ನೂಕುವ ತಟ್ಟೆ ಅವಳ ಎದೆಮಟ್ಟಕ್ಕಿತ್ತು. ಎತ್ತುವಾಗ ಮುಖ ಕಿವುಚಿತು. ಪಕ್ಕದ ಚಿಕ್ಕದರದು ತೊಡೆಯ ಎತ್ತರ. ಕೊಂಬೆಯ ಬುಡವನ್ನು ಅಂಚಿಗೆ ಒರಗಿಸಿ ನೂಕಿದಳು, ಅಷ್ಟೆ. ಒಳಗಿನ ಉರುಳೆಗಳು ಕವಲುಗಳನ್ನು ಮಡಚಿ ಎಳೆದುಕೊಂಡವು. ತಟ್ಟೆಯ ಮುಂದಿದ್ದ ಕೆಂಪು ಸರಳನ್ನು ಸೊಂಟದಿಂದ ಒತ್ತಿದಳು. ಉರುಳೆಗಳು ಗಕ್ಕನೆ ನಿಂತವು. ದೊಡ್ಡದರಲ್ಲಿ ಅದೇ ಸರಳು ಕೈ ಚಾಚಿ ಹಿಡಿಯಬೇಕಾದಷ್ಟು ಮೇಲಿತ್ತು.

"ಎರಡೂ ಕೈಯಲ್ಲಿ ಕೊಂಬೆ ಇರುತ್ತೆ ಕಣ್ರೀ. ನಿಲ್ಲಿಸೋಕೆ ನನಗೆ ಉಳಿಯೋದು ಸೊಂಟ ಒಂದೇ."

"ದಪ್ಪ ಕೊಂಬೆ ಬಂದ್ರೆ?"

"ಮೇಲೇ ಸಣ್ಣದಾಗಿ ಸೀಳಿ ಕಳಿಸಿ. ಹೇಗೂ ಆರಾಮಾಗಿ ಕೂತಿರ್ತೀರಲ್ಲ."

ಮಾರಾಟದವನು ನಗು ತಡೆಯಲು ಆಚೆ ತಿರುಗಿದ. ಮಂಗಣ್ಣ ದೊಡ್ಡದರ ಮೇಲಿಂದ ಕೈ ತೆಗೆದು, ಚಿಕ್ಕದನ್ನೇ ಕೊಡಲು ಹೇಳಿದ. ಯಂತ್ರ ಹೆಂಡತಿಗೆಂದು ಬಂದವನು ಅಳೆಯುತ್ತಿದ್ದದ್ದು ತನ್ನ ಹೆಮ್ಮೆಗೆ ತಕ್ಕದ್ದನ್ನು. ಗ್ರೈಂಡರಿನ ಸರದಿ ಬಂದಾಗ ಹಲ್ಲುಚಕ್ರದ ಗಾತ್ರ ಕೇಳಲಿಲ್ಲ. ಕೆಲಸಕ್ಕೆ ಹೋಗುವ ಮನೆಗಳ ಹಿತ್ತಿಲ ಗೇಟುಗಳ ಅಗಲಕ್ಕೆ ಗಂಟು ಹಾಕಿ ತಂದಿದ್ದ ಹಗ್ಗ ಹಿಡಿದು, ಆ ಅಳತೆಗೆ ಹಿಡಿಸುವ, ತನ್ನಷ್ಟಕ್ಕೆ ಉರುಳಿ ಹೋಗುವ ಯಂತ್ರವನ್ನೇ ಆರಿಸಿದ. ಅದನ್ನು ತಳ್ಳುವುದೂ ಅವಳ ಭುಜಕ್ಕೆ ಬರಬಾರದಲ್ಲ.

ಚಿಪ್ಪರಿನ ಮೊದಲ ಕೆಲಸ ಶಾಲೆಯೊಂದರ ಅಂಗಳದಲ್ಲಿ. ಹತ್ತುವ ಆತುರದಲ್ಲಿ ಮಂಗಣ್ಣ ತನ್ನ ಹಗ್ಗದ ತುದಿಯನ್ನು ಚೀಲಕ್ಕೆ ತುಂಬದೆ ನೆಲದ ಮೇಲೇ ಬಿಟ್ಟಿದ್ದ. ಕೊಯ್ದ ಸೊಪ್ಪು ಅದರ ಮೇಲೆ ಬಿತ್ತು. ಅವಳು ಕೊಂಬೆ ಎಳೆದಾಗ ಕವಲಿಗೆ ಸಿಕ್ಕ ಹಗ್ಗವೂ ಜೊತೆಗೇ ಹೋಯಿತು. ಮೇಲಿದ್ದವನ ಸೊಂಟಪಟ್ಟಿ ಜಗ್ಗಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಉರುಳೆಗಳು ನಿಂತಿದ್ದವು. ಬಗ್ಗಿ ನೋಡಿದರೆ, ಸೊಪ್ಪಿನ ನಡುವೆ ಕಿತ್ತಳೆ ಬಣ್ಣದ ಹಗ್ಗ, ಉರುಳೆಗೆ ಗೇಣಷ್ಟೇ ದೂರ. ಕೈಯ ಕೊಂಬೆ ಬಿಡದೆ, ಸರಳಿಗೆ ಸೊಂಟ ಒತ್ತಿ ಅವಳು ಹಾಗೇ ನಿಂತಿದ್ದಳು.

ಮಂಗಣ್ಣ ಇಳಿದು ಬಂದು ಕವಲಿನಿಂದ ಹಗ್ಗ ಬಿಡಿಸಿಕೊಂಡ. "ಆ ದೊಡ್ಡದನ್ನೇ ತಂದಿದ್ದಿದ್ರೆ..."

"ತಂದಿಲ್ಲವಲ್ಲ. ಮೊದಲು ಹಗ್ಗ ಚೀಲಕ್ಕೆ ತುಂಬಿ."

ಸುರುಳಿ ಸುರುಳಿಯಾಗಿ ತುಂಬಿ ಚೀಲವನ್ನು ಅವಳ ಮುಂದೆ ಹಿಡಿದ. ಅವಳು ನೋಡಿ ತಲೆಯಾಡಿಸಿದ ಮೇಲೆಯೇ ಮತ್ತೆ ಮರ ಹತ್ತಿದ.

ಸಂಜೆ ಯಂತ್ರ ಒರೆಸುವಾಗ ಕೆಂಪು ಸರಳಿನ ಮೇಲೆ ಅವನ ಬಟ್ಟೆ ಮತ್ತೆ ಮತ್ತೆ ಓಡಾಡಿತು.

"ಸವೆದು ಹೋದೀತು, ಬಿಡಿ" ಎಂದಳು ಅವಳು. ಅವನು ಬಿಡಲಿಲ್ಲ.