ಆಯಿಯ ಅಂಗೈ ಮತ್ತು ಸುಣ್ಣದ ಪುಡಿ

ನಿನ್ನೆ ಪಕ್ಕದ ಮನೆಯವರು ನೀರು ಹಾಕಿ ಸುಣ್ಣ ಅರಳಿಸಿದರು. ಆ ಬಿಸಿ ವಾಸನೆ ಬಂದದ್ದೇ ನನ್ನ ಎಡಗೈ ತಾನಾಗಿ ಮುಚ್ಚಿಕೊಂಡಿತು. ಯಾಕೆಂದು ಮಕ್ಕಳು ನೀವು ಕೇಳಿದಿರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ಬರೆದು ನೋಡುತ್ತೇನೆ.

ಮಾದನಹಿಪ್ಪರಗಾದ ನಮ್ಮ ಮಣ್ಣಿನ ಮನೆಗೆ ನಾಗರ ಪಂಚಮಿಯ ಮುಂಚೆ ಸುಣ್ಣ ಬಳಿಯುತ್ತಿದ್ದರು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಆಳಂದದಿಂದ ತಂದ ಮುಷ್ಟಿಗಾತ್ರದ ಸುಣ್ಣದ ಹರಳುಗಳನ್ನು ಹರವಿ ಎಂಬ ಮಣ್ಣಿನ ಗಡಿಗೆಯಲ್ಲಿಟ್ಟು ನೀರು ಸುರಿದು ಲಿಂಗಪೂಜೆಗೆ ಕೂಡುತ್ತಿದ್ದಳು. ಹರಳು ಬಹಳ ಹೊತ್ತು ಸುಮ್ಮನಿರುತ್ತಿತ್ತು. ಎಡ ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚಿ, ಬಲಗೈಯಿಂದ ಬಿಲ್ವದ ಪತ್ರಿ ಏರಿಸಿ, ಆಕೆ ಏಳುವ ಹೊತ್ತಿಗೆ ಹರಳು ಬಿರಿದು ಹರವಿ ಕೊತಕೊತ ಕುದಿಯುತ್ತಿತ್ತು. "ನನ್ನ ಪೂಜಾ ಮುಗದದ್ದು ಸುಣ್ಣಕ್ಕೂ ತಿಳೀತೈತಿ ನೋಡು" ಅನ್ನುತ್ತಿದ್ದಳು. ನನಗೆ ಒಂಬತ್ತು ತುಂಬಿದ ವರ್ಷದ ಮಾತು ಇದು. ಮೆಣಸಿನಕಾಯಿ, ಅರಿಶಿನ ಎಲ್ಲವನ್ನೂ ಕುಟ್ಟುವ ಮನೆ ನಮ್ಮದು. ಇದನ್ನೂ ಕುಟ್ಟಿದರೆ ಆಯಿಗೆ ಹಗುರಾದೀತು ಅಂದುಕೊಂಡೆ. ಹಿತ್ತಲ ಒರಳಲ್ಲಿ ಅರ್ಧ ಸುಣ್ಣ ಕುಟ್ಟಿ, ಆಕೆ ಬೆರಗಾಗಲೆಂದು ಹರವಿಯ ತಳಕ್ಕೆ ಸುರಿದು, ಮೇಲೆ ಹರಳಿಟ್ಟೆ.

ಆಯಿ ನೀರು ಸುರಿದ ಕೂಡಲೇ ಹರವಿ ಭುಸ್ಸೆಂದು ಉಕ್ಕಿತು. ಬಗ್ಗಿ ನೋಡುತ್ತಿದ್ದ ನನ್ನ ಮುಖಕ್ಕೆ ಆಯಿ ಎಡ ಅಂಗೈ ಅಡ್ಡ ಹಿಡಿದಳು. ಅವ್ವ ಕೊಡಗಟ್ಟಲೆ ನೀರು ಸುರಿದರೂ ಅಂಗೈ ಸುಲಿಯಿತು. ಶ್ರಾವಣ ಪೂರ್ತಿ ಆಯಿ ಲಿಂಗವನ್ನು ಬಲಗೈಯಲ್ಲಿಟ್ಟುಕೊಂಡು ಕೂತಳು. ಪತ್ರಿ ಏರಿಸಲು ಕೈ ಇರಲಿಲ್ಲ.

"ಅಷ್ಟೊತ್ತು ಹಿಡಿಯೋ ಸುಣ್ಣ ಈ ಸಲ ಹಿಂಗ್ಯಾಕ ಮಾಡಿತ್ರಿ ಅತ್ತಿ?" ಅವತ್ತು ರಾತ್ರಿ ಅವ್ವ ಕೇಳಿದಳು.

"ಶಿವಗ ಈ ಅಂಗೈ ಸಾಕಾಗಿರಬೇಕು ಬಿಡು."

"ನಿಮ್ದ ಸಾಕಾದ್ರ ನಮ್ಮವು ಯಾತಕ್ಕ ಬಂದಾವ್ರಿ?"

ಆಯಿ ನಕ್ಕಳು. ಕುಟ್ಟಿದ್ದನ್ನು ನಾನು ಹೇಳಲಿಲ್ಲ. ಅದೇ ಸುಣ್ಣ, ಅದೇ ನೀರು. ನಾನು ಮಾಡಿದ್ದಾದರೂ ಏನೆಂದು ನನಗೇ ತಿಳಿಯಲಿಲ್ಲ. ಮರುದಿನ ಸುಣ್ಣದ ಗುರುತು ಅಳಿಸಲು ಹೋದರೆ ಒರಳನ್ನು ಯಾರೋ ಆಗಲೇ ತೊಳೆದಿದ್ದರು.

ಮೊನ್ನೆ ನಿಮ್ಮಲ್ಲೊಬ್ಬಳು ವಿಜ್ಞಾನದ ಪಾಠ ಓದುತ್ತಿದ್ದಳು. ಗಟ್ಟಿ ಹರಳಿಗೆ ನೀರು ಹೊರಮೈಯಲ್ಲಷ್ಟೇ ತಾಗುತ್ತದೆ, ಪುಡಿಗೆ ಕಣಕಣಕ್ಕೂ ಒಮ್ಮೆಗೇ ತಾಗುತ್ತದೆ, ಅದಕ್ಕೇ ಅಷ್ಟು ವೇಗ. ಎರಡು ಸಲ ಓದಿಸಿದೆ. ಸುಣ್ಣದ್ದು ತಿಳಿಯಿತು. ಒರಳಿನದ್ದು ತಿಳಿಯಲಿಲ್ಲ. ತೊಳೆದವಳು ಆಯಿಯಾದರೆ, ಎಲ್ಲ ಗೊತ್ತಿದ್ದೇ ನನ್ನ ತಪ್ಪನ್ನು ಶಿವನ ಮೇಲೆ ಹಾಕಿದಳು. ಅವ್ವನಾದರೆ, ಆಯಿ ಶಿವನಿಗೆ ಬೇಡವಾದೆನೆಂದೇ ನಂಬಿ ಹೋದಳು. ಕೇಳೋಣವೆಂದರೆ ಇಬ್ಬರೂ ಇಲ್ಲ. ಶ್ರಾವಣ ಬಂದರೆ ನಾನು ಆಯಿಯ ಪಾಲಿನದೂ ಸೇರಿಸಿ ಪತ್ರಿಯನ್ನು ಎರಡೆರಡು ಏರಿಸುತ್ತೇನೆ.