ಒಳಲೆ ಹಿಡಿದವಳು ನೀನು

ಸಹನಾ, ಹೋದ ಭಾನುವಾರ ಫೋನಿನಲ್ಲಿ ನಿನ್ನ ಡೆಂಟಲ್ ಸ್ಕೂಲ್ ಅರ್ಜಿಯಿಂದ ಒಂದು ಪ್ಯಾರಾ ತೆಗೆಸಿದೆನಲ್ಲ — ಅದು ನಿನ್ನ ಒಳ್ಳೆಯದಕ್ಕಲ್ಲ. ಅದೇ ಕಥೆಯನ್ನು ಹನ್ನೊಂದು ವರ್ಷಗಳ ಹಿಂದೆ ನಾನು ನನ್ನ ಅರ್ಜಿಯಲ್ಲಿ ಬರೆದುಕೊಂಡಿದ್ದೆ. ನೀನು ಅಮ್ಮನಿಗೆ ಮಾಡಿದ್ದನ್ನೆಲ್ಲ ನಾನು ಮಾಡಿದೆನೆಂದು ಬರೆದು ಡೆಂಟಲ್ ಸ್ಕೂಲಿಗೆ ಸೇರಿದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಾದರೆ ನನಗೆ ವಾಕ್ಯಗಳು ಸಲೀಸಾಗಿ ಬರುತ್ತವೆ, ಜೊತೆಗೆ ಸುಳ್ಳೂ. ಟ್ರಾಯ್ ಊರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ಅಮ್ಮ ನಮ್ಮಿಬ್ಬರಿಗೂ ಗದರಿ ಕಲಿಸಿದ ಈ ಅಕ್ಷರಗಳಲ್ಲಿ ಒಂದೊಂದು ಮಾತಿಗೂ ನಿಂತು ಯೋಚಿಸಬೇಕಾಗುತ್ತದೆ. ನೀನೂ ನಿಧಾನವಾಗಿಯೇ ಓದು.

ಆ ವರ್ಷ ನಿನಗೆ ಹತ್ತೊಂಬತ್ತು, ನನಗೆ ಇಪ್ಪತ್ತೊಂದು. ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನ ಅವಳು ಅತ್ತದ್ದಕ್ಕಿಂತ ಹೆಚ್ಚಾಗಿ ಆಣೆ ಹಾಕಿಸಿಕೊಂಡಳು. "ಯಾರಿಗೂ ಹೇಳ್ಕೂಡದು. ನನ್ನಾಣೆ. ದೇವಸ್ಥಾನದಲ್ಲಿ ಎಲ್ಲರ ಬಾಯಲ್ಲೂ ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನನ್ ಕೈಲಾಗಲ್ಲ." ಹಾಗಾಗಿ ಅಮ್ಮ 'ಊರಿಗೆ' ಹೋದಳು. ಮಹಡಿಯ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದ ಅಮ್ಮ, ಕನ್ನಡದ ಆಂಟಿಯರ ಲೆಕ್ಕದಲ್ಲಿ ಏಳು ತಿಂಗಳು ಮೈಸೂರಿನಲ್ಲಿದ್ದಳು. ಅಪ್ಪ ಇನ್ಶೂರೆನ್ಸ್ ತಪ್ಪಬಾರದೆಂದು ಒಂದು ದಿನವೂ ಆಫೀಸು ಬಿಡಲಿಲ್ಲ. ಕಾಲೇಜು, ಆಸ್ಪತ್ರೆ, ಅಡುಗೆ ಎಲ್ಲವೂ ನಿನ್ನ ತಲೆಯ ಮೇಲೆ ಬಿತ್ತು.

ನಾನು? ನಾನು ಷಿಕಾಗೊದಲ್ಲಿ 'ಓದುತ್ತಿದ್ದೆ'. ಪಾರ್ಕಿಂಗ್ ಲಾಟಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟು, ಮಧ್ಯಾಹ್ನದವರೆಗೆ ನಿದ್ದೆ. ಅಮ್ಮನ ಕಾಯಿಲೆ ಗೊತ್ತಾಗುವ ಮೊದಲೇ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾಗಿದ್ದೆ. ಆ ಏಳು ತಿಂಗಳಲ್ಲಿ ನಾನು ಮನೆಗೆ ಬಂದದ್ದು ಮೂರು ಸಲ. ಬಂದಾಗಲೂ ಆ ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದೆ — ಒಳಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು. ನೀನು ಅದನ್ನು ಗಮನಿಸಿದ್ದೆಯೋ ಏನೋ, ಒಮ್ಮೆಯೂ ಕೇಳಲಿಲ್ಲ.

ಒಳಲೆಯ ವಿಷಯ ನನಗೆ ಗೊತ್ತಾದದ್ದು ಫೋನಿನಲ್ಲಿ. ಕೀಮೋದಿಂದ ಅಮ್ಮನ ಬಾಯಿತುಂಬ ಹುಣ್ಣಾಗಿ ಚಮಚ ತಾಗಿದರೂ ಚೀರುತ್ತಿದ್ದಳು. ಆಗ ನೀನು, ನಾವು ಕೂಸಾಗಿದ್ದಾಗ ಹಾಲು ಕುಡಿಸುತ್ತಿದ್ದ, ಉದ್ದ ಮೂತಿಯ ಬೆಳ್ಳಿಯ ಒಳಲೆಯನ್ನು ದೇವರ ಮನೆಯ ಡಬ್ಬಿಯಿಂದ ಹುಡುಕಿ ತೆಗೆದೆ. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ, ಆರಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹನಿಯಾಗಿ ಬಿಟ್ಟೆ. "ಅಣ್ಣಾ, ಅಮ್ಮ ಇವತ್ತು ಪೂರ್ತಿ ಒಂದು ಲೋಟ ಕುಡಿದ್ರು! ಕುಡಿದು, ಈಗ ನೀನೇ ನನ್ನಮ್ಮ ಅಂದ್ರು" ಎಂದು ಹೇಳಿ ಅತ್ತೆ. ಬಾಯಿಗೆ ಸಂಬಂಧಪಟ್ಟದ್ದನ್ನೇ ಓದುತ್ತೇನೆ, ಡೆಂಟಿಸ್ಟ್ ಆಗುತ್ತೇನೆ ಎಂದು ಅವತ್ತೇ ನೀನು ಹೇಳಿದೆ. ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಆಡಿದವಳು ನೀನು.

ಅಮ್ಮ ಹುಷಾರಾದಳು. ನಿನ್ನ ಗ್ರೇಡುಗಳು ನೆಲಕಚ್ಚಿದ್ದವು. ಏನಾಯಿತೆಂದು ಕಾಲೇಜಿನ ಕೌನ್ಸೆಲರ್ ಕೇಳಿದಾಗಲೂ ಆಣೆ ನೆನೆದು ನೀನು ಬಾಯಿ ಬಿಡಲಿಲ್ಲ. ಕೊನೆಗೆ ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್ ಕೋರ್ಸ್ ಮುಗಿಸಿ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಕ್ಲಿನಿಕ್ಕಿಗೆ ಸೇರಿಕೊಂಡೆ.

ನನಗೂ ಬುದ್ಧಿ ಬಂತು, ತಡವಾಗಿ. ಬಿದ್ದ ಕೋರ್ಸುಗಳನ್ನೆಲ್ಲ ಮತ್ತೆ ತೆಗೆದುಕೊಂಡು ಎರಡು ವರ್ಷ ತಲೆ ಎತ್ತದೆ ಓದಿದೆ. ಆ ಅಂಕಗಳು ನಿಜವಾಗಿ ನನ್ನವೇ. ಬಹುಶಃ ಅಷ್ಟೇ ಸಾಕಾಗುತ್ತಿತ್ತು. ಆದರೆ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು — ಹಿಂದಿನ ಗ್ರೇಡುಗಳು ಏಕೆ ಕುಸಿದವು? ಸೋಮಾರಿತನ ಎಂದು ಬರೆಯಲು ಕೈ ಬರಲಿಲ್ಲ. ನನ್ನ ಫೇಲುಗಳಿಗೆ ಹೊಂದುವಂತೆ ಅಮ್ಮನ ಕಾಯಿಲೆಯನ್ನು ಒಂದು ವರ್ಷ ಹಿಂದಕ್ಕೆ ಎಳೆದೆ. ನಿನ್ನ ಗಂಜಿ, ನಿನ್ನ ಒಳಲೆ, ನಿನ್ನ ತೊಡೆ... 'ಈಗ ನೀನೇ ನನ್ನಮ್ಮ' ಎಂಬ ಅಮ್ಮನ ಮಾತನ್ನೂ ಬಿಡಲಿಲ್ಲ, ನನಗೇ ಹೇಳಿದಳೆಂದು ಬರೆದೆ. ಸಿಕ್ಕಿಬೀಳುವ ಭಯವೇ ಇರಲಿಲ್ಲ. ಅಮ್ಮನ ಕಾಯಿಲೆ ಲೋಕಕ್ಕೇ ಗೊತ್ತಿರಲಿಲ್ಲವಲ್ಲ, ಅಲ್ಲವೆನ್ನಲು ಯಾರಿದ್ದರು? ನೀವೆಲ್ಲ ಆಣೆ ಉಳಿಸಿಕೊಂಡದ್ದು ನನ್ನ ಕಳ್ಳತನಕ್ಕೆ ಅನುಕೂಲವಾಯಿತು.

ಇಂಟರ್ವ್ಯೂನಲ್ಲಿ ವಯಸ್ಸಾದ ಪ್ರೊಫೆಸರ್ ಒಬ್ಬರು ಆ ಒಳಲೆ ಹೇಗಿರುತ್ತದೆ ಎಂದು ಕೇಳಿದರು. ನಾನು ಎರಡೂ ಕೈ ಎತ್ತಿ, ಅಮ್ಮನ ತಲೆ ಹಿಡಿದವನಂತೆ ಮಾಡಿ ತೋರಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ನಾಚಿಕೆಗೇಡು, ಸಹನಾ — ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು.

ಈಗ ನೀನು ಕ್ಲಿನಿಕ್ಕಿನ ಕೆಲಸದ ಜೊತೆಗೇ ನಾಲ್ಕು ವರ್ಷ ಸಂಜೆ ಕ್ಲಾಸಿಗೆ ಹೋಗಿ, ಹಳೆಯ ಗ್ರೇಡುಗಳನ್ನೆಲ್ಲ ತಿದ್ದಿಕೊಂಡು ಅರ್ಜಿ ಹಾಕುತ್ತಿದ್ದೀಯ. ಈ ಸಲ ಅಮ್ಮನೇ, "ಬರಕೋ ಮಗಳೇ, ಇನ್ನೇನು ಮುಚ್ಚಿಡೋದು" ಎಂದಳಂತೆ. ಭಾನುವಾರ ನೀನು ಆ ಪ್ಯಾರಾ ನನಗೆ ಓದಿ ಹೇಳಿದೆ. ನಾನು ಓದಿದ ಸ್ಕೂಲೂ ನಿನ್ನ ಪಟ್ಟಿಯಲ್ಲಿದೆ.

"ಆ ಪ್ಯಾರಾ ತೆಗಿ ಸಹನಾ. ತುಂಬ ಡ್ರಾಮಾ ಅನ್ಸುತ್ತೆ" ಎಂದೆ.

ನೀನು, "ಓಕೆ ಅಣ್ಣ. ಡಿಲೀಟ್ ಮಾಡ್ದೆ. ನಿಂಗೆ ಇದೆಲ್ಲ ಚೆನ್ನಾಗ್ ಗೊತ್ತು" ಎಂದೆ. ಥ್ಯಾಂಕ್ಸ್ ಬೇರೆ ಹೇಳಿದೆ!

ಒಂದೇ ಮನೆತನದ ಹೆಸರು, ಒಂದೇ ಕಥೆ — ನಕಲು ಮಾಡಿದವಳು ನೀನೇ ಎಂದು ಸ್ಕೂಲಿನವರು ಅಂದುಕೊಂಡಾರು, ಅದಕ್ಕೇ ತೆಗೆಸಿದೆ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡು ಓಡಾಡಿದೆ. ಸುಳ್ಳು. ನಾನು ಹೆದರಿದ್ದು ನಿನಗೆ ಗೊತ್ತಾದೀತೆಂದು, ಬೇರೇನಕ್ಕೂ ಅಲ್ಲ. ಒಮ್ಮೆ ಕದ್ದದ್ದು ಸಾಲದೆಂದು, ನಿನ್ನದನ್ನು ನಿನ್ನ ಕೈಯಿಂದಲೇ ಅಳಿಸಿಹಾಕಿಸಿದೆ.

ಇವತ್ತು ಬೆಳಿಗ್ಗೆ ನನ್ನ ಸ್ಕೂಲಿಗೆ ಪತ್ರ ಹಾಕಿ ಬಂದೆ. ಆ ಕಥೆ ನನ್ನದಲ್ಲ, ನನ್ನ ತಂಗಿಯದು ಎಂದು ನಿನ್ನ ಹೆಸರು ಹಾಕಿಯೇ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ, ನನ್ನ ಡಿಗ್ರಿ ಉಳಿಯುತ್ತದೆಯೋ ಇಲ್ಲವೋ ತಿಳಿಯದು. ನಿನಗೆ ಹೇಳುವ ಮೊದಲೇ ಕಳಿಸಿಬಿಟ್ಟೆ — ಮೊದಲೇ ಹೇಳಿದ್ದರೆ ನೀನು ಬೇಡ ಅಣ್ಣ ಎನ್ನುತ್ತಿದ್ದೆ, ನಾನು ಆ ಮಾತಿಗೇ ಕಾದವನಂತೆ ನಿಂತುಬಿಡುತ್ತಿದ್ದೆ.

ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತೇನೆ. ಈ ಕಾಗದವನ್ನೂ ನನ್ನ ಹಳೆಯ ಅರ್ಜಿಯನ್ನೂ ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ, ಬಾಗಿಲಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಟ್ರಾಯ್‌ಗೆ ಹೋಗಿ ಅಮ್ಮನಿಗೂ ಹೇಳಬೇಕು. ನನ್ನನ್ನು ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ. ಕೇಳುವುದು ಇಷ್ಟೇ — ಅರ್ಜಿ ಕಳಿಸಲು ನಿನಗಿನ್ನೂ ಹತ್ತು ದಿನವಿದೆ. ಆ ಪ್ಯಾರಾ ಮತ್ತೆ ಬರೆ, ಸಹನಾ. ಒಳಲೆ ಹಿಡಿದವಳು ನೀನು.