ಮೌಶಿ ತೋರಿಸಿದ ರೈಲುದಾರಿ

ಮೌಶಿಯ ಬಲಗೈ ಹೆಬ್ಬೆರಳಿನ ತುದಿ ಸದಾ ಬೂದುಬಣ್ಣಕ್ಕಿರುತ್ತಿತ್ತು. ಇಡೀ ಬ್ರಿಟನ್ನಿನ ರೈಲುಗಳ ವೇಳಾಪಟ್ಟಿಯಿದ್ದ, ಇಟ್ಟಿಗೆಯಷ್ಟು ದಪ್ಪನೆಯ ಪುಸ್ತಕವೊಂದು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅದರ ತೆಳ್ಳನೆಯ ಹಾಳೆಗಳನ್ನು ತಿರುವಿ ತಿರುವಿ ಅಚ್ಚಿನ ಮಸಿ ಬೆರಳಿಗೆ ಹತ್ತಿಕೊಂಡಿತ್ತು. ಅದೇ ಕೈಯಿಂದ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಡುವೆ ಹಿಟ್ಟು ಒರೆಸಿಕೊಂಡು ಒಂದು ಪುಟ ತಿರುವಿ, "ಡಾರ್ಲಿಂಗ್ಟನ್‌ದಾಗ ಗಾಡಿ ಬದಲಿಸಾಕ ಒಂಬತ್ತು ನಿಮಿಷ ಸಿಗತಾವ, ಸಾಕು" ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ರೊಟ್ಟಿಗೆ ಮರಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ಇಲ್ಫರ್ಡ್‌ನ ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದೆ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಇಲ್ಲಿಯ ಪರೀಕ್ಷೆಯನ್ನೂ ಮುಗಿಸಿ, ಯಾವುದಾದರೂ ಆಸ್ಪತ್ರೆ ಕರೆದೀತೆಂದು ಕಾಯುತ್ತಿದ್ದ ದಿನಗಳು. ಮೊದಲ ದಿನ ನಾನು "ಆಂಟಿ" ಎಂದಾಗ ಅವರು ಮುಖ ಸಿಂಡರಿಸಿದರು. "ಆಂಟಿ ಗೀಂಟಿ ಬ್ಯಾಡವಾ. ಮೌಶಿ ಅನ್ನು. ಧಾರವಾಡದಾಗ ಅವ್ವನ ತಂಗಿಗೆ ಹಂಗ ಅಂತೀವಿ."

ಅವರ ಗಂಡ, ನಮ್ಮೆಲ್ಲರ ಕಾಕಾ, ಇಲ್ಲಿಯ ರೈಲುಗಳಲ್ಲಿ ವರ್ಷಗಟ್ಟಲೆ ಗಾರ್ಡ್ ಆಗಿದ್ದವರು. ಪಾರ್ಶ್ವವಾಯು ಬಡಿದ ಮೇಲೆ ಹಿಂದಿನ ಕೋಣೆಯ ಮಂಚವೇ ಅವರ ಲೋಕವಾಗಿತ್ತು. ಹಿತ್ತಿಲ ಆಚೆ ರೈಲುದಾರಿ. ಗಾಡಿ ಹೋದಾಗಲೆಲ್ಲ ಕಿಟಕಿಯ ಪರದೆ ನಡುಗಿ, ಹೊದಿಕೆಯ ಮೇಲೆ ಬಿಸಿಲಿನ ಪಟ್ಟೆಗಳು ಓಡುತ್ತಿದ್ದವು. ಕಾಕಾನಿಗೆ ಮಾತು ಹೋಗಿತ್ತು, ಉಳಿದಿದ್ದು ಒಂದೇ ಒಂದು ಪದ: "ಮುಂದ?"

ಅವರನ್ನು ಬಿಟ್ಟು ಮೌಶಿ ಅರ್ಧ ದಿನವೂ ಹೊರಗಿರುತ್ತಿರಲಿಲ್ಲ. ಆದರೆ ಮಹಡಿಯ ಕೋಣೆಗೆ ಬಂದವರನ್ನೆಲ್ಲ ದೇಶದ ತುಂಬ ಓಡಾಡಿಸುತ್ತಿದ್ದರು. ಹೋಟೆಲ್ ಕೆಲಸ ಹುಡುಕುವ ಕುಂದಾಪುರದವರು, ನನ್ನಂಥ ಡಾಕ್ಟರುಗಳು, ಎಲ್ಲರಿಗೂ ಅಗ್ಗದ ದಾರಿ ಹುಡುಕಿ ಬರೆದುಕೊಡುತ್ತಿದ್ದರು. ಅದಕ್ಕೆ ಅವರದು ಒಂದೇ ಕರಾರು. ಮರಳಿ ಬಂದ ಮೇಲೆ ಕಾಕಾನ ಮಂಚದ ಪಕ್ಕ ಕೂತು ಇಡೀ ಪ್ರಯಾಣ ಹೇಳಬೇಕು.

ವೀಸಾ ಮುಗಿಯಲು ಐದು ವಾರ ಉಳಿದಿದ್ದಾಗ ನನಗೆ ಒಟ್ಟಿಗೇ ಮೂರು ಸಂದರ್ಶನ ಬಂದವು. ಸೋಮವಾರ ಎಡಿನ್‌ಬರೋ, ಮಂಗಳವಾರ ಲೀಡ್ಸ್, ಬುಧವಾರ ನ್ಯೂಕಾಸಲ್. ನಕ್ಷೆಯಲ್ಲಿ ಮೇಲಕ್ಕೆ ಹೋಗಿ, ಕೆಳಗಿಳಿದು, ಮತ್ತೆ ಮೇಲಕ್ಕೆ ಹೋಗಬೇಕು.

"ಲೀಡ್ಸ್ ಒಂದಕ್ಕೆ ಹೋಗ್ತೀನಿ ಮೌಶಿ. ಉಳಿದದ್ದಕ್ಕೆ ನನ್ಹತ್ರ ದುಡ್ಡಿಲ್ಲ" ಎಂದೆ.

ಅವರು ಪುಸ್ತಕದಿಂದ ತಲೆಯೆತ್ತಲಿಲ್ಲ. "ದಾರಿ ಛಲೋನ ಅದ. ದಿನದ ಸರದಿ ಕೆಟ್ಟದ. ಎಡಿನ್‌ಬರೋದವ್ರಿಗೆ ಫೋನ್ ಮಾಡು, ಗುರುವಾರ ಬರ್ತೀನಿ ಅನ್ನು."

"ಅಯ್ಯೋ, ಹಾಗೆಲ್ಲ ಕೇಳಿದ್ರೆ ಕೆಲಸಾನೇ ಕೊಡಲ್ಲ!"

"ಹೋಗದಿದ್ರ ಕೊಡ್ತಾರೇನು?"

ಅವರೇ ನಂಬರು ಒತ್ತಿ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಆಚೆಗಿದ್ದ ಹೆಂಗಸು ಎರಡು ನಿಮಿಷ ಕಾಯಿಸಿ, ಗುರುವಾರ ಆಗಬಹುದು ಎಂದಳು. ಈಗ ಲೀಡ್ಸ್, ನ್ಯೂಕಾಸಲ್, ಎಡಿನ್‌ಬರೋ ಒಂದೇ ಗೆರೆಯ ಮೇಲೆ ಬಂದು ಕೂತಿದ್ದವು. ಆಮೇಲೆ ಮೌಶಿ ಟಿಕೆಟ್ಟುಗಳನ್ನು ತುಂಡು ಮಾಡತೊಡಗಿದರು. ಲಂಡನ್ನಿನಿಂದ ನಡುವಿನ ಒಂದು ಊರಿಗೆ ಒಂದು ಟಿಕೆಟ್ಟು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಎರಡೂ ಸೇರಿ ನೇರ ಟಿಕೆಟ್ಟಿಗಿಂತ ಅಗ್ಗ. "ಗಾಡಿ ಅಲ್ಲೆ ನಿಂತ್ರ ಸಾಕು. ನೀ ಇಳಿಯೂದು ಬ್ಯಾಡ, ಕುಂತಲ್ಲೇ ಕುಂತಿರು." ರಾತ್ರಿ ತಂಗಲು ತಮ್ಮ ಹಳೆಯ ಬಾಡಿಗೆದಾರರ ವಿಳಾಸ ಕೊಟ್ಟರು. ಚೀಟಿಯ ಕೊನೆಯಲ್ಲಿ ಹೀಗೆ ಬರೆದಿದ್ದರು: 'ನ್ಯೂಕಾಸಲ್ ಬಿಟ್ಟ ಮ್ಯಾಲೆ ಬಲಗಡೆ ಕೂಡು. ಸಮುದ್ರ ಬರತದ.'

ಲೀಡ್ಸ್‌ನಲ್ಲಿ ನನ್ನ ನಾಲಿಗೆ ಒಣಗಿಹೋಯಿತು. ನ್ಯೂಕಾಸಲ್‌ನಲ್ಲಿ ಪರವಾಗಿಲ್ಲ ಅನ್ನಿಸಿತು. ಗುರುವಾರ ಬೆಳಿಗ್ಗೆ ಬಲಗಡೆಯ ಕಿಟಕಿಗೇ ಕೂತೆ. ಎರಡು ದಿನದ ದಣಿವಿಗೆ ಕಣ್ಣು ಯಾವಾಗ ಮುಚ್ಚಿತೋ, ಎಚ್ಚರವಾದಾಗ ಎಡಿನ್‌ಬರೋ.

ಶನಿವಾರ ಮಧ್ಯಾಹ್ನ ಕಾಕಾನ ಪಕ್ಕ ಕೂತು ಎಲ್ಲ ಹೇಳಿದೆ. ಸಮುದ್ರದ ಸರದಿ ಬಂದಾಗ ಬಾಯಿಗೆ ಬಂದಂತೆ ಹೆಣೆದೆ: ನೀಲಿ ನೀರು, ದೂರದಲ್ಲೊಂದು ಹಡಗು, ಅಲೆಗಳ ಮೇಲೆ ಬಿಸಿಲು. ಕಾಕಾ "ಮುಂದ?" ಎನ್ನದೆ ಮೆಲ್ಲನೆ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡರು.

ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ಮೌಶಿ ನನ್ನನ್ನು ಅಡುಗೆಮನೆಗೆ ಕರೆದರು. "ಗುರುವಾರ ಮುಂಜಾನೆ ಆ ಕಡೆ ಪೂರಾ ಮಂಜು ಇತ್ತು. ಟೀವ್ಯಾಗ ತೋರಿಸಿದ್ರು. ಅವರೂ ನೋಡ್ಯಾರ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನಿದ್ದೆ ಬಂದ್ಬಿಡ್ತು ಮೌಶಿ" ಎಂದೆ.

"ನಿದ್ದಿ ಬಂದಿದ್ರ ನಿದ್ದಿ ಹೆಂಗ ಬಂತು, ಅದನ್ನ ಹೇಳು. ಅದೂ ದಾರಿನೇ."

ಮತ್ತೆ ಹೋಗಿ ಕೂತೆ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಣೆಗೆ ತಾಗಿದ ಗಾಜಿನ ತಂಪು, ಹೊರಗೆಲ್ಲ ಹಾಲಿನಂಥ ಬಿಳುಪು, ಚಕ್ರಗಳ ಜೋಗುಳ. ಅರೆನಿದ್ದೆಯಲ್ಲಿ ರೈಲು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಹೋಗುತ್ತಿತ್ತು. ಕೆಳಗೆ ಕಾವೇರಿ ಸದ್ದಿಲ್ಲದೆ ಹರಿಯುತ್ತಿದ್ದಳು; ದಡದಲ್ಲಿ ನಮ್ಮಮ್ಮ ಸೀರೆ ಹಿಂಡುತ್ತ ನನ್ನತ್ತ ಕೈಯೆತ್ತಿದರು. ಕೂಗೋಣವೆಂದರೆ ಕಿಟಕಿ ತೆರೆಯಲೊಲ್ಲದು. ಕಣ್ಣು ಬಿಟ್ಟಾಗ ಎದುರು ಸೀಟಿನ ಅಜ್ಜಿ ತನ್ನ ಕೋಟನ್ನು ನನ್ನ ಮೇಲೆ ಹೊದಿಸಿದ್ದಳು.

ಕಾಕಾ ನನ್ನ ಕಡೆ ಹೊರಳಿದರು. ಅವರ ಕಣ್ಣು ತುಂಬಿತ್ತು. "ಮುಂದ?" ಎಂದರು.

ನ್ಯೂಕಾಸಲ್‌ನವರು ಕರೆದರು. ನಾನು ಅಲ್ಲಿಗೆ ಹೋಗಿ ಅಲ್ಲಿಯವಳೇ ಆದೆ. ಎರಡು ಚಳಿಗಾಲ ಕಳೆದು ಕಾಕಾ ತೀರಿಕೊಂಡರು.

ಆ ವರ್ಷದ ವಸಂತದಲ್ಲಿ ಮೌಶಿ ಮೊದಲ ಸಲ ನಮ್ಮ ಫ್ಲ್ಯಾಟಿಗೆ ಬಂದರು. ಯಾವ ದಾರಿ ಹಿಡಿದಿರಿ, ಎಷ್ಟು ಉಳಿಸಿದಿರಿ ಎಂದು ನಾನು ಉತ್ಸಾಹದಿಂದ ಕೇಳಿದೆ. ಅವರು ಚಪ್ಪಲಿ ಬಿಡುತ್ತ, "ಟಿಕೆಟ್ ಕಿಟಕ್ಯಾಗ ಕೇಳಿದೆ, ಅವ ಹೇಳಿದಷ್ಟು ಪೂರಾ ರೊಕ್ಕ ಕೊಟ್ಟು ಬಂದೆ" ಎಂದರು. ಚೀಲವನ್ನು ಗೋಡೆಗೆ ಒರಗಿಸಿಟ್ಟು, "ಪುಸ್ತಕ ತಗದ್ರ ಈಗ ಬರೇ ಅಂಕಿ ಕಾಣತಾವ ನೋಡು" ಎಂದರು. ನಾಲ್ಕು ದಿನ ಇದ್ದರು. ಸಂಜೆ ನದಿಯ ದಂಡೆಗೆ ಹೋಗಿ ಕೂರುತ್ತಿದ್ದೆವು. ಎತ್ತರದ ಸೇತುವೆಯ ಮೇಲೆ ದೀಪ ಹೊತ್ತಿಸಿಕೊಂಡ ಗಾಡಿಗಳು ಆಕಾಶದಲ್ಲಿ ತೇಲಿದಂತೆ ದಾಟುತ್ತಿದ್ದವು. ಮೌಶಿ ನನ್ನ ಕೈ ಹಿಡಿದುಕೊಂಡು ಅವನ್ನೇ ನೋಡುತ್ತಿದ್ದರು.

ಕೆಲವು ವರ್ಷಗಳ ನಂತರ ಅವರೂ ಹೋದರು. ಸುದ್ದಿ ತಿಳಿದು ನಾನು ಮೊದಲ ಗಾಡಿಗೇ ಹೊರಟೆ. ಮಕ್ಕಳಿಲ್ಲದ ಹೆಂಗಸು, ನಾಲ್ಕು ಜನ ನೆರೆಯವರು ಇದ್ದಾರು ಅಂದುಕೊಂಡಿದ್ದೆ. ಚಿತಾಗಾರದ ತೋಟದಲ್ಲಿ ಕಪ್ಪು ಕೋಟು ತೊಟ್ಟ ನಲವತ್ತಕ್ಕೂ ಮಿಕ್ಕಿ ಜನ ನಿಂತಿದ್ದರು. ಯಾರಿಗೂ ಯಾರ ಪರಿಚಯವೂ ಇರಲಿಲ್ಲ. ಪಕ್ಕದಲ್ಲಿದ್ದ ನರೆಗೂದಲಿನ ಒಬ್ಬರು ತಮ್ಮದು ಕುಂದಾಪುರ, ಈಗ ಕಾರ್ಡಿಫ್‌ನಲ್ಲಿ ಸ್ವಂತ ಹೋಟೆಲು ಎಂದು ಹೇಳಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು:

"ನಿಮ್ಮನ್ನ ಅವ್ರು ಎಲ್ಲಿಗೆ ಕಳ್ಸಿದ್ರು?"

"ನ್ಯೂಕಾಸಲ್‌ಗೆ" ಎಂದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಆಚೆ ನಿಂತವರನ್ನೂ ಅದನ್ನೇ ಕೇಳಲು ಹೋದರು.